ಎಡವಿದ ಫುಟ್‌ಬಾಲ್ ಆಟದ ಮೊದಲ ವಾರವನ್ನು ದಾಟುವ ಬಗೆ

2021ರ ಸೆಪ್ಟೆಂಬರ್ 30, ಗುರುವಾರ. ಮಲೆನಾಡಿನ ನಮ್ಮೂರು ಸಾಗರದಲ್ಲಿ ಹಸ್ತ ಮಳೆ ಹಿಡಿದುಕೊಂಡಿತ್ತು. ಜಪಾನಿನ ಕೊನಾಮಿ ಕಂಪನಿಯ ‘ಈಫುಟ್‌ಬಾಲ್ 2022’ ಎಂಬ ವಿಡಿಯೊ ಆಟ ಅಂದು ಬಿಡುಗಡೆಯಾಗುವುದಿತ್ತು. ದೋಹಾದಲ್ಲಿರುವ ನನ್ನ ತಮ್ಮ ಸಂಜೆಯಿಂದ ಮೂರು ಸಲ ಕರೆ ಮಾಡಿದ್ದ. “ಅಕ್ಕಾ, ಇಳಿಸಿಕೊಂಡೆಯಾ? ಎಷ್ಟಾಯಿತು?” ಎನ್ನುವುದೇ ಮೂರು ಸಲವೂ ಪ್ರಶ್ನೆ.

ಅವನ ಆತುರಕ್ಕೆ ಕಾರಣವಿದೆ. ಇದೇ ಸರಣಿಯಲ್ಲಿ 2006ರಲ್ಲಿ ಬಂದ ಪ್ರೊ ಎವಲ್ಯೂಷನ್ ಸಾಕರ್ 6 ನಮ್ಮಿಬ್ಬರ ಮೊದಲ ಆಟ. ಮನೆಯ ಹಳೆಯ ಕಂಪ್ಯೂಟರಿಗೆ ಇನ್ನೂರು ರೂಪಾಯಿಯ ಎರಡು ಕಂಟ್ರೋಲರ್ ಸಿಕ್ಕಿಸಿಕೊಂಡು ಆಡುತ್ತಿದ್ದೆವು. ಅವನು ಯಾವಾಗಲೂ ಇಂಟರ್ ಮಿಲಾನ್ ತೆಗೆದುಕೊಳ್ಳುತ್ತಿದ್ದ. ಏಕೆಂದರೆ ಆ ಆಟದಲ್ಲಿ ಆ ತಂಡದ ಆಡ್ರಿಯಾನೊನ ಒದೆತದ ಬಲ 99. ಮೂವತ್ತು ಗಜದಿಂದ ಒದ್ದರೂ ಚೆಂಡು ಬಲೆ ಹರಿಯುವಂತೆ ಹೋಗುತ್ತಿತ್ತು. ಅವನು ಕೊಲ್ಲಿಗೆ ಹೋದ ಮೇಲೆ ನಮ್ಮ ಶುಕ್ರವಾರದ ರಾತ್ರಿಗಳು ಆನ್‌ಲೈನ್ ಆಟಕ್ಕೆ ಮೀಸಲಾದವು. ಅಲ್ಲಿ ಅವನಿಗೆ ರಜೆ, ಇಲ್ಲಿ ನನಗೆ ಮರುದಿನ ಅರ್ಧ ದಿನದ ಕೆಲಸ. ವಾರಕ್ಕೊಮ್ಮೆ ಅಣ್ಣ ತಂಗಿ, ಅಕ್ಕ ತಮ್ಮ ಫೋನಿನಲ್ಲಿ ಎಷ್ಟು ಹೊತ್ತು ಮಾತನಾಡಿಯಾರು? ಜೊತೆಗೆ ಆಡುತ್ತಿದ್ದರೆ ಮಾತು ತಾನಾಗಿ ಬರುತ್ತದೆ. ಹಾಗಾಗಿ ಒಂದು ಆಟದ ಸರ್ವರ್ ಕೆಟ್ಟರೆ ನಮ್ಮ ಮನೆಯಲ್ಲಿ ಅದು ಸಣ್ಣ ವಿಷಯವಲ್ಲ.

ಆ ಬಿಡುಗಡೆ ಹೇಗೆ ನಡೆಯಿತೆಂದು ಫುಟ್‌ಬಾಲ್ ಆಟ ಆಡುವವರಿಗೆಲ್ಲ ಗೊತ್ತಿದೆ. ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್ ಎಂಬ ತಾಣದಲ್ಲಿ ಅಭಿಪ್ರಾಯ ಬರೆದ ಹತ್ತು ಜನರಲ್ಲಿ ಸುಮಾರು ಒಂಬತ್ತು ಜನ ಚೆನ್ನಾಗಿಲ್ಲ ಎಂದರು. ಆ ತಾಣದ ಅತಿ ಕಳಪೆ ಆಟಗಳ ಪಟ್ಟಿಯಲ್ಲಿ ಅದು ಮೊದಲ ಸ್ಥಾನಕ್ಕೆ ಬಂದುಬಿಟ್ಟಿತು. ವಿಚಿತ್ರವಾಗಿ ಕಾಣುವ ಆಟಗಾರರ ಮುಖಗಳ ಚಿತ್ರಗಳು ಲೋಕವೆಲ್ಲ ಸುತ್ತಿದವು. ಮರುದಿನ, ಅಕ್ಟೋಬರ್ 1ರಂದೇ, ಕಂಪನಿ ಕ್ಷಮೆ ಕೇಳಿತು. ದಶಕಗಳಿಂದ ಫುಟ್‌ಬಾಲ್ ಆಟ ಮಾಡುತ್ತಾ ಬಂದವರು ಹೀಗೆ ತಲೆ ತಗ್ಗಿಸಬೇಕಾಗಿ ಬಂದದ್ದನ್ನು ನೋಡಿ ನನಗೆ ನಿಜವಾಗಿ ಸಂಕಟವಾಯಿತು.

ನಾನು ಪದವಿ ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಏನಾದರೂ ಕೆಟ್ಟರೆ ಮೊದಲು ತಂತಿ ನೋಡು, ಆಮೇಲೆ ಉಪಕರಣ ನೋಡು, ಕಂಡದ್ದನ್ನು ರೆಕಾರ್ಡ್ ಪುಸ್ತಕದಲ್ಲಿ ಬರೆ ಎನ್ನುವುದು ನಮ್ಮ ಅಭ್ಯಾಸ. ಆ ವರ್ಷದಿಂದ ಈಚೆಗೆ ಯಾವ ಆನ್‌ಲೈನ್ ಆಟ ಬಿಡುಗಡೆಯಾದರೂ ನಾನು ಇದೇ ಕ್ರಮದಲ್ಲಿ ನಡೆಯುತ್ತೇನೆ. ಕೇಳಿದ ವಿದ್ಯಾರ್ಥಿಗಳಿಗೂ ಹೇಳಿಕೊಟ್ಟಿದ್ದೇನೆ. ಅದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಬಿಡುಗಡೆಗೆ ಮುಂಚೆ ಓದಬೇಕಾದದ್ದು

ಜಾಹೀರಾತಿನ ವಿಡಿಯೊವನ್ನು ಎಷ್ಟು ಸಲ ಬೇಕಾದರೂ ನೋಡಿ, ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ತಿಳಿಯುವುದು ಎರಡು ಕಡೆಯಿಂದ: ಆವೃತ್ತಿಯ ಸಂಖ್ಯೆ ಮತ್ತು ಮೊದಲ ದಿನ ಏನೇನು ಸಿಗುತ್ತದೆ ಎಂಬ ಪಟ್ಟಿ.

ಈಫುಟ್‌ಬಾಲ್ 2022 ಬಂದದ್ದು 0.9.0 ಎಂಬ ಸಂಖ್ಯೆಯೊಂದಿಗೆ. ತಂತ್ರಾಂಶ ಮಾಡುವವರ ರೂಢಿಯಲ್ಲಿ ಪೂರ್ತಿಯಾದ ಮೊದಲ ಆವೃತ್ತಿಗೆ 1.0 ಎನ್ನುತ್ತಾರೆ. ಅದಕ್ಕಿಂತ ಕಡಿಮೆ ಸಂಖ್ಯೆ ಇದ್ದರೆ ಅನ್ನ ಇನ್ನೂ ಒಲೆಯ ಮೇಲಿದೆ ಎಂದೇ ಅರ್ಥ. ಆ ಸಂಖ್ಯೆ ನಮ್ಮ ಕಣ್ಣ ಮುಂದೆಯೇ ಇತ್ತು, ನಾವು ಓದಲಿಲ್ಲ. ಪಟ್ಟಿಯೂ ಇತ್ತು. ಮೊದಲ ದಿನ ಆಡಲು ಸಿಕ್ಕಿದ್ದು ಒಂಬತ್ತು ಕ್ಲಬ್‌ಗಳು ಮಾತ್ರ: ಬಾರ್ಸಿಲೋನಾ, ಬಾಯರ್ನ್ ಮ್ಯೂನಿಕ್, ಯುವೆಂಟಸ್, ಮ್ಯಾಂಚೆಸ್ಟರ್ ಯುನೈಟೆಡ್, ಆರ್ಸೆನಲ್, ಜೊತೆಗೆ ದಕ್ಷಿಣ ಅಮೆರಿಕದ ಕೊರಿಂಥಿಯನ್ಸ್, ಫ್ಲಮೆಂಗೊ, ಸಾವೊ ಪಾಲೊ, ರಿವರ್ ಪ್ಲೇಟ್. ವರ್ಷಗಟ್ಟಲೆ ಒಂದು ತಂಡವನ್ನು ಬೆಳೆಸುವ ಮಾಸ್ಟರ್ ಲೀಗ್ ಇರಲಿಲ್ಲ. ಮನೆಯಲ್ಲಿ ಒಬ್ಬರೇ ಕೂತು ಆಡುವವರಿಗೆ ಈ ಸರಣಿಯ ಜೀವವೇ ಮಾಸ್ಟರ್ ಲೀಗ್. ಮರುದಿನ ಪ್ರತಿಸ್ಪರ್ಧಿ ಆಟವಾದ ಫಿಫಾ 22 ಬಿಡುಗಡೆಯಾಯಿತು. ಅದರಲ್ಲಿ ಇಂಡಿಯನ್ ಸೂಪರ್ ಲೀಗ್ ಇತ್ತು, ನಮ್ಮ ಬೆಂಗಳೂರು ಎಫ್‌ಸಿ ಇತ್ತು. ಅಂದು ನಾನು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದರೆ ನನ್ನ ನಿರೀಕ್ಷೆ ಅಷ್ಟು ಎತ್ತರಕ್ಕೆ ಏರುತ್ತಿರಲಿಲ್ಲ.

ಇನ್ನೊಂದನ್ನು ಗಮನಿಸಬೇಕು. ಆಟದ ಒಳಗಿನ ಎಂಜಿನ್, ಅಂದರೆ ಅದನ್ನು ಓಡಿಸುವ ಮೂಲ ತಂತ್ರಾಂಶ, ಬದಲಾಗಿದೆಯೇ? ಪ್ರೊ ಎವಲ್ಯೂಷನ್ ಸಾಕರ್ 2014ರಿಂದ 2021ರ ತನಕ ಫಾಕ್ಸ್ ಎಂಜಿನ್ ಮೇಲೆ ನಿಂತಿತ್ತು. ಈಫುಟ್‌ಬಾಲ್ ಅನ್‌ರಿಯಲ್ ಎಂಜಿನ್‌ಗೆ ಹೋಯಿತು. ಜೊತೆಗೇ ದುಡ್ಡು ಕೊಟ್ಟು ಕೊಳ್ಳುವ ಆಟ ಉಚಿತ ಆಟವಾಯಿತು, ಹೆಸರೂ ಬದಲಾಯಿತು. ಹಳೆಯ ಮನೆಯ ಪಾಯ, ಗೋಡೆ, ಮಾಡು ಮೂರನ್ನೂ ಒಂದೇ ಬೇಸಿಗೆಯಲ್ಲಿ ಬದಲಿಸಿದರೆ ಮೊದಲ ಮಳೆಗೆ ಸೋರದೆ ಇರುತ್ತದೆಯೇ? ಎಂಜಿನ್ ಬದಲಾದ ವರ್ಷ ಮೊದಲ ಕೆಲವು ತಿಂಗಳು ಕಷ್ಟ ಇದ್ದೇ ಇರುತ್ತದೆ ಎಂದು ಮನಸ್ಸನ್ನು ಸಿದ್ಧ ಮಾಡಿಕೊಳ್ಳಿ.

ದುಡ್ಡಿನ ವಿಷಯ

ಮೊದಲ ವಾರ ಒಂದು ರೂಪಾಯಿಯನ್ನೂ ಹಾಕಬೇಡಿ. ಉಚಿತ ಆಟವಾದರೂ ಒಳಗೆ ನಾಣ್ಯಗಳ ಅಂಗಡಿ ಇರುತ್ತದೆ. ಮೊದಲ ದಿನವೇ ಕೊಂಡರೆ ಹೆಚ್ಚುವರಿ ಕೊಡುತ್ತೇವೆ ಎಂಬ ಆಸೆ ತೋರಿಸುವ ಕಟ್ಟುಗಳೂ ಇರುತ್ತವೆ.

ಒಂದು ಸಲ, ಬೇರೊಂದು ಫುಟ್‌ಬಾಲ್ ಆಟದ ಮೊದಲ ರಾತ್ರಿ, ನಾನು ನಾಣ್ಯ ಕೊಂಡೆ. ಆ ಆಟದ ಹೆಸರು ಇಲ್ಲಿ ಬೇಡ. ಬ್ಯಾಂಕ್ ಖಾತೆಯಿಂದ ದುಡ್ಡು ಹೋಯಿತು, ಆಟದಲ್ಲಿ ನಾಣ್ಯ ಬರಲಿಲ್ಲ. ಹನ್ನೊಂದು ದಿನ ಪತ್ರ ಬರೆದದ್ದಾಯಿತು. ಕೊನೆಗೆ ನನ್ನನ್ನು ಕಾಪಾಡಿದ್ದು ಯುಪಿಐ ವ್ಯವಹಾರದ ಹನ್ನೆರಡು ಅಂಕಿಯ ಸಂಖ್ಯೆ ಮತ್ತು ಆ ಕ್ಷಣ ತೆಗೆದಿಟ್ಟಿದ್ದ ಪರದೆಯ ಚಿತ್ರ. ಅಮ್ಮನಿಗೆ ಈ ವಿಷಯ ಹೇಳುವಾಗ ನನ್ನ ಧ್ವನಿ ಸಣ್ಣದಾಗಿತ್ತು. ದುಡ್ಡು ದೊಡ್ಡದಲ್ಲ, ಆದರೆ ದುಡಿದದ್ದು. ಹಾಗಾಗಿ ಎಂದಾದರೂ ಕೊಳ್ಳುವುದೇ ಆದರೆ ಆ ಸಂಖ್ಯೆಯನ್ನೂ ಚಿತ್ರವನ್ನೂ ಕೂಡಲೇ ತೆಗೆದಿಟ್ಟುಕೊಳ್ಳಿ.

ದುಡ್ಡು ಕೊಟ್ಟೇ ಕೊಳ್ಳಬೇಕಾದ ಆಟವಾದರೆ ವಾಪಸಿನ ನಿಯಮವನ್ನು ಮೊದಲೇ ತಿಳಿದಿರಿ. ಸ್ಟೀಮ್‌ನಲ್ಲಿ ಕೊಂಡ 14 ದಿನಗಳೊಳಗೆ, ಆಡಿದ ಒಟ್ಟು ಹೊತ್ತು ಎರಡು ಗಂಟೆಗಿಂತ ಕಡಿಮೆ ಇದ್ದರೆ ಹಣ ವಾಪಸು ಕೇಳಬಹುದು. ಆಟ ತೆರೆದಿಟ್ಟು ಊಟಕ್ಕೆ ಎದ್ದು ಹೋದರೆ ಆ ಹೊತ್ತೂ ಲೆಕ್ಕಕ್ಕೆ ಬರುತ್ತದೆ. ಪ್ಲೇಸ್ಟೇಷನ್ ಎಂಬ ಆಟದ ಯಂತ್ರದ (ಕನ್ಸೋಲ್) ಅಂಗಡಿಯಲ್ಲಿಯೂ 14 ದಿನಗಳ ಅವಧಿಯಿದೆ, ಆದರೆ ಇಳಿಸಿಕೊಳ್ಳಲು ಶುರು ಮಾಡಿದಿರೋ ಆ ಹಕ್ಕು ಸಾಮಾನ್ಯವಾಗಿ ಹೋಯಿತು. ಆದ್ದರಿಂದ ಕನ್ಸೋಲ್‌ನಲ್ಲಿ ಕೊಂಡ ಕೂಡಲೇ ಇಳಿಸಿಕೊಳ್ಳುವ ಗುಂಡಿ ಒತ್ತಬೇಡಿ. ಎರಡು ದಿನ ಬೇರೆಯವರು ಏನು ಹೇಳುತ್ತಾರೆ ಎಂದು ಕೇಳಿ.

ಈಫುಟ್‌ಬಾಲ್ ವಿಷಯದಲ್ಲಿ ಕೊನಾಮಿ ಒಂದು ಸರಿಯಾದ ಕೆಲಸ ಮಾಡಿತು, ಅದನ್ನು ಹೇಳಲೇಬೇಕು. 1.0 ಆವೃತ್ತಿಯ ಜೊತೆ ಕೊಡುವುದಾಗಿ ಮುಂಗಡ ದುಡ್ಡು ತೆಗೆದುಕೊಂಡಿದ್ದ ಪ್ರೀಮಿಯಂ ಪ್ಲೇಯರ್ ಪ್ಯಾಕ್ ಅನ್ನು, ಆ ಆವೃತ್ತಿ ಮುಂದಕ್ಕೆ ಹೋದಾಗ ರದ್ದು ಮಾಡಿ ಹಣ ಹಿಂತಿರುಗಿಸಿತು.

ಮೊದಲು ಮನೆಯ ತಂತಿ

ಇದಕ್ಕೆ ಹೆಚ್ಚು ಹೊತ್ತು ಕೊಡಿ. ಬಿಡುಗಡೆಯ ವಾರ ಎಲ್ಲರೂ ಸರ್ವರ್ ಅನ್ನೇ ಬಯ್ಯುತ್ತಿರುತ್ತಾರೆ. ಅದರ ನಡುವೆ ನಮ್ಮ ಮನೆಯ ದೋಷ ನಮಗೆ ಕಾಣುವುದೇ ಇಲ್ಲ. ನಮ್ಮ ದೋಷ ನಮ್ಮದು ಎಂದು ಬೇರ್ಪಡಿಸಿದ ಮೇಲೆಯೇ ಆಟದ ದೋಷವನ್ನು ಧೈರ್ಯವಾಗಿ ಎತ್ತಿ ಹೇಳಬಹುದು.

ಶುರುವಿಗೆ ಆನ್‌ಲೈನ್ ಬಿಟ್ಟು ಕಂಪ್ಯೂಟರನ್ನೇ ಎದುರಾಳಿಯಾಗಿಟ್ಟುಕೊಂಡು ಒಂದು ಪಂದ್ಯ ಆಡಿ. ಗುಂಡಿ ಒತ್ತಿದ ಮೇಲೆ ಆಟಗಾರ ತಡವಾಗಿ ಓಡುತ್ತಿದ್ದರೆ ಅದಕ್ಕೂ ಇಂಟರ್ನೆಟ್‌ಗೂ ಸಂಬಂಧವಿಲ್ಲ. ಹೆಚ್ಚಿನ ಪಾಲು ಅದು ಟಿವಿಯ ತಡ. ಟಿವಿ ಚಿತ್ರವನ್ನು ಚಂದಗೊಳಿಸಲು ಒಳಗೊಳಗೆ ಕೆಲಸ ಮಾಡುತ್ತಿರುತ್ತದೆ, ಅದಕ್ಕೆ ಸಮಯ ಬೇಕು. ಟಿವಿಯ ಚಿತ್ರ ಹೊಂದಾಣಿಕೆಯಲ್ಲಿ ಗೇಮ್ ಮೋಡ್ ಎಂದಿರುತ್ತದೆ, ಅದನ್ನು ಹಾಕಿ. ನಮ್ಮ ಮನೆಯಲ್ಲಿ ಇದೊಂದರಿಂದಲೇ ಅರ್ಧ ದೂರು ಕಡಿಮೆಯಾಯಿತು. ಒಂದು ವರ್ಷ ನಾನು ಸುಮ್ಮನೆ ಊರಿನ ಕೇಬಲ್‌ನವರ ಮೇಲೆ ಕೋಪ ಇಟ್ಟುಕೊಂಡಿದ್ದೆ.

ಆಮೇಲೆ ಪಿಂಗ್ ಪರೀಕ್ಷೆ, ಅಂದರೆ ಒಂದು ಪುಟ್ಟ ಸಂದೇಶ ಹೋಗಿ ಬರಲು ಎಷ್ಟು ಹೊತ್ತು ಬೇಕೆಂದು ಅಳೆಯುವುದು. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ತೆರೆದು ಇಂಗ್ಲಿಷಿನಲ್ಲಿ ಪಿಂಗ್ ಎಂದು ಬರೆದು, ಒಂದು ಜಾಗ ಬಿಟ್ಟು, ನಿಮ್ಮ ರೌಟರಿನ ವಿಳಾಸ ಬರೆಯಿರಿ. ಸಾಮಾನ್ಯವಾಗಿ ಅದು 192.168.1.1 ಅಥವಾ 192.168.0.1 ಆಗಿರುತ್ತದೆ. ಮತ್ತೊಂದು ಜಾಗ ಬಿಟ್ಟು ಅಡ್ಡಗೀಟು, ಅದಕ್ಕೆ ಅಂಟಿಕೊಂಡಂತೆ ಟಿ ಅಕ್ಷರ ಹಾಕಿದರೆ ನಿಲ್ಲಿಸುವ ತನಕ ಪರೀಕ್ಷೆ ನಡೆಯುತ್ತಲೇ ಇರುತ್ತದೆ. ಐದು ನಿಮಿಷ ಬಿಟ್ಟು ಕಂಟ್ರೋಲ್ ಮತ್ತು ಸಿ ಒಟ್ಟಿಗೆ ಒತ್ತಿದರೆ ಲೆಕ್ಕ ಕೊಡುತ್ತದೆ. ಇಲ್ಲಿ ಅಳೆಯುತ್ತಿರುವುದು ಮನೆಯ ಒಳಗಿನ ದಾರಿ ಮಾತ್ರ. ತಂತಿಯಲ್ಲಿ ಜೋಡಿಸಿದ್ದರೆ ಒಂದೆರಡು ಮಿಲಿಸೆಕೆಂಡ್ ಬರಬೇಕು. ನಮ್ಮ ಮನೆಯಲ್ಲಿ ವೈಫೈ ಮೇಲೆ ಅಳೆದಾಗ 3, 4, 3, 88, 5, 140 ಎಂದು ಬಂತು. ಸರಾಸರಿ ತೆಗೆದರೆ ಅಷ್ಟೇನೂ ಕೆಟ್ಟದಾಗಿ ಕಾಣದು, ಆದರೆ ಆ 140 ಬಂದ ಕ್ಷಣವೇ ಗೋಲು ಹೋಗುವ ಕ್ಷಣ.

ಆ ಲೆಕ್ಕವನ್ನು ಆಟದ ಭಾಷೆಗೆ ತರೋಣ. ಪರದೆಯ ಮೇಲೆ ಸೆಕೆಂಡಿಗೆ 60 ಚಿತ್ರಗಳು ಬರುತ್ತವೆ, ಅಂದರೆ ಒಂದೊಂದಕ್ಕೆ ಸುಮಾರು 16.7 ಮಿಲಿಸೆಕೆಂಡ್. 100 ಮಿಲಿಸೆಕೆಂಡ್ ತಡವಾದರೆ ಆರು ಚಿತ್ರಗಳ ಹಿಂದೆ ಉಳಿದಂತೆ. ರಕ್ಷಣಾ ಆಟಗಾರ ಕಾಲು ಚಾಚುವಷ್ಟರಲ್ಲಿ ಎದುರಾಳಿ ದಾಟಿಹೋಗಿರುತ್ತಾನೆ. ತಡ ಒಂದೇ ಸಮನಾಗಿದ್ದರೆ ಕೈ ಅದಕ್ಕೆ ಒಗ್ಗಿಕೊಳ್ಳುತ್ತದೆ. ಏರಿಳಿತಕ್ಕೆ ಯಾರ ಕೈಯೂ ಒಗ್ಗುವುದಿಲ್ಲ. ಆದ್ದರಿಂದ ಸರಾಸರಿಗಿಂತ ಏರಿಳಿತವನ್ನು ನೋಡಿ.

ಪರಿಹಾರ ಸರಳ: ಲ್ಯಾನ್ ಕೇಬಲ್ ಎಳೆಯಿರಿ. ಕ್ಯಾಟ್ 5ಇ ಎಂದು ಕೇಳಿದರೆ ಕಂಪ್ಯೂಟರ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಕೊಡುತ್ತಾರೆ, ನೂರು ಮೀಟರ್ ತನಕ ತೊಂದರೆಯಿಲ್ಲ. ನಾನು ಜಗಲಿಯ ರೌಟರಿನಿಂದ ನಡುಮನೆಯ ತನಕ ಹದಿನೆಂಟು ಮೀಟರ್ ಎಳೆದೆ. ಬಾಗಿಲ ಚೌಕಟ್ಟಿನ ಮೇಲಿಂದ ಮೊಳೆ ಹೊಡೆದು ಸಾಗಿಸಿದ್ದನ್ನು ಅಮ್ಮ ಇಂದಿಗೂ ಮೆಚ್ಚಿಲ್ಲ. ಕೇಬಲ್ ಎಳೆಯಲು ಆಗದಿದ್ದರೆ ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿ ರೌಟರಿನ ಹತ್ತಿರ ಕೂರಿ. 2.4 ಗಿಗಾಹರ್ಟ್ಸ್‌ನಲ್ಲೇ ಇರಬೇಕಾದರೆ 1, 6, 11 ಈ ಮೂರು ಚಾನೆಲ್‌ಗಳಲ್ಲಿ ಅಕ್ಕಪಕ್ಕದ ಮನೆಯವರು ಹೆಚ್ಚು ಬಳಸದ ಒಂದನ್ನು ಆರಿಸಿ. ಮೈಕ್ರೋವೇವ್ ಒಲೆ ಕೆಲಸ ಮಾಡುವುದೂ ಅದೇ ಆವರ್ತನದ ಆಸುಪಾಸಿನಲ್ಲಿ ಎಂಬುದನ್ನು ನೆನಪಿಡಿ.

ಮನೆಯ ಒಳಗೆ ಸರಿಯಾಯಿತು ಎಂದಾದ ಮೇಲೆ ಅದೇ ಪಿಂಗ್ ಅನ್ನು 8.8.8.8 ಎಂಬ ಹೊರಗಿನ ವಿಳಾಸಕ್ಕೆ ಮಾಡಿ. ಈಗ ಏರಿಳಿತ ಕಂಡರೆ, ಅಥವಾ ಕಳಿಸಿದ ಪ್ಯಾಕೆಟ್‌ಗಳಲ್ಲಿ (ಆ ಪುಟ್ಟ ಸಂದೇಶಗಳಲ್ಲಿ) ಕೆಲವು ಕಳೆದುಹೋಗುತ್ತಿದ್ದರೆ, ದೋಷ ಮನೆಯಿಂದ ಹೊರಗಿನ ದಾರಿಯಲ್ಲಿದೆ. ಕೇಬಲ್‌ನವರಿಗೆ ಫೋನ್ ಮಾಡಿ ‘ಇಂಟರ್ನೆಟ್ ಸರಿಯಿಲ್ಲ’ ಎಂದರೆ ‘ರೌಟರ್ ಆರಿಸಿ ಹಾಕಿ’ ಎನ್ನುತ್ತಾರೆ. ‘ರೌಟರ್ ತನಕ 2, ಹೊರಗೆ ನೂರಕ್ಕೆ ಆರು ಪ್ಯಾಕೆಟ್ ಕಳೆಯುತ್ತಿವೆ, ರಾತ್ರಿ ಒಂಬತ್ತರಿಂದ ಹನ್ನೊಂದರ ತನಕ’ ಎಂದು ಚಿತ್ರದ ಸಮೇತ ಕಳಿಸಿದೆ. ಮರುದಿನ ಮಧ್ಯಾಹ್ನ ಹುಡುಗ ಬಂದು ಕಂಬದ ಮೇಲಿನ ಜೋಡಣೆ ಬದಲಿಸಿ ಹೋದ.

ಮನೆಯವರ ಫೋನುಗಳೂ ಲೆಕ್ಕಕ್ಕೆ ಬರುತ್ತವೆ. ಯಾರಾದರೂ ಮದುವೆಯ ಫೋಟೊಗಳನ್ನು ಕ್ಲೌಡ್‌ಗೆ ಏರಿಸುತ್ತಿದ್ದರೆ ರೌಟರಿನ ಬಾಗಿಲಲ್ಲಿ ಸಾಲು ನಿಲ್ಲುತ್ತದೆ. ನಿಮ್ಮ ಆಟದ ಪುಟ್ಟ ಪ್ಯಾಕೆಟ್ ಆ ಸಾಲಿನ ಕೊನೆಯಲ್ಲಿ ಕಾಯುತ್ತದೆ. ವೇಗ ಎಷ್ಟು ಎಂಬುದಕ್ಕಿಂತ ಸಾಲು ಎಷ್ಟುದ್ದ ಎಂಬುದು ಮುಖ್ಯ. 40 ಎಂಬಿಪಿಎಸ್ ಸಂಪರ್ಕದಲ್ಲಿ ಚೆನ್ನಾಗಿ ಆಡಿದ್ದೇನೆ, 200 ಎಂಬಿಪಿಎಸ್ ಇದ್ದವರು ಒದ್ದಾಡುವುದನ್ನೂ ನೋಡಿದ್ದೇನೆ.

ದೂರಕ್ಕೆ ಮಾತ್ರ ಮದ್ದಿಲ್ಲ. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಹೋಗುತ್ತದೆ. ಸಾಗರದಿಂದ ದೋಹಾಕ್ಕೆ ನೇರ ಗೆರೆ ಎಳೆದರೂ ಎರಡೂವರೆ ಸಾವಿರ ಕಿಲೋಮೀಟರ್ ಮೀರುತ್ತದೆ. ಹೋಗಿ ಬರಲು ಏನಿಲ್ಲವೆಂದರೂ 25 ಮಿಲಿಸೆಕೆಂಡ್ ಬೇಕು. ತಂತಿ ನೇರ ಗೆರೆಯಲ್ಲಿ ಹೋಗದ ಕಾರಣ ತಮ್ಮನಿಗೂ ನನಗೂ ಒಳ್ಳೆಯ ದಿನ 80, 90 ಬರುತ್ತದೆ. ಇದನ್ನು ತಿಳಿದ ಮೇಲೆ ನಾವು ಒಂದು ಒಪ್ಪಂದಕ್ಕೆ ಬಂದೆವು: ಕೊನೆಯ ಕ್ಷಣದಲ್ಲಿ ಚೆಂಡು ಕಸಿಯುವ ಆಟ ಬಿಟ್ಟು, ಇಬ್ಬರೂ ಜಾಗ ಹಿಡಿದು ಕಾಯುವ ಆಟ ಆಡುತ್ತೇವೆ.

ಗೆಳೆಯರ ಜೊತೆ ಪಂದ್ಯ ಕೂಡಿಬರುವುದೇ ಇಲ್ಲ, ಅಪರಿಚಿತರ ಜೊತೆ ಮಾತ್ರ ಆಗುತ್ತದೆ ಎನ್ನುವುದು ಬೇರೆ ಬಗೆಯ ರೋಗ. ಕನ್ಸೋಲ್‌ನ ಸಂಪರ್ಕ ಪರೀಕ್ಷೆಯಲ್ಲಿ ನ್ಯಾಟ್ ಎಂಬ ಸಾಲನ್ನು ನೋಡಿ. ಪ್ಲೇಸ್ಟೇಷನ್‌ನಲ್ಲಿ ಟೈಪ್ 3 ಎಂದೋ, ಎಕ್ಸ್‌ಬಾಕ್ಸ್‌ನಲ್ಲಿ ಸ್ಟ್ರಿಕ್ಟ್ ಎಂದೋ ಇದ್ದರೆ ಹೊರಗಿನವರು ನಿಮ್ಮ ಯಂತ್ರವನ್ನು ನೇರವಾಗಿ ತಲುಪಲು ಆಗುತ್ತಿಲ್ಲ. ರೌಟರಿನಲ್ಲಿ ಯುಪಿಎನ್‌ಪಿ, ಅಂದರೆ ಯಂತ್ರಕ್ಕೆ ತಾನಾಗಿ ದಾರಿ ತೆರೆಯುವ ಸೌಲಭ್ಯ, ಆನ್ ಮಾಡಿ ನೋಡಿ. ಆದರೂ ಸರಿಹೋಗದಿದ್ದರೆ ರೌಟರಿನ ಹೊರವಿಳಾಸ ನೋಡಿ. ಅದು 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ ಇಂಟರ್ನೆಟ್ ಕೊಡುವ ಕಂಪನಿ ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದೆ. ಬೇರೆ ವಿಳಾಸ ಬೇಕೆಂದು ಅವರನ್ನೇ ಕೇಳಬೇಕು. ಕೆಲವರು ತಿಂಗಳಿಗಿಷ್ಟು ಎಂದು ತೆಗೆದುಕೊಂಡು ಕೊಡುತ್ತಾರೆ.

ಮಲೆನಾಡಿನವರಿಗೆ ಇನ್ನೊಂದು ಮಾತು. ರೌಟರಿಗೆ ಪುಟ್ಟ ಯುಪಿಎಸ್ ಹಾಕಿಕೊಳ್ಳಿ, ಕರೆಂಟ್ ಹೋಗಿ ಬರುವ ಆ ಎರಡು ಸೆಕೆಂಡ್ ಸಾಕು ಪಂದ್ಯ ಕೈತಪ್ಪಲು. ಗುಡುಗು ಹತ್ತಿರ ಬಂದರೆ ಮಾತ್ರ ಪಂದ್ಯ ಬಿಟ್ಟು ಪ್ಲಗ್ ಮತ್ತು ಲ್ಯಾನ್ ಕೇಬಲ್ ಎರಡನ್ನೂ ಕೀಳಿ. ಸೋಲು ದಾಖಲಾದರೆ ಆಗಲಿ.

ಈಗ ಆಟದ ಕಡೆಯ ತೊಂದರೆ

ಮನೆಯ ತಂತಿ ಸರಿಯಿದ್ದೂ ಒಳಗೆ ಹೋಗಲು ಆಗುತ್ತಿಲ್ಲವೇ? ಲಾಗಿನ್ ಪುಟದಲ್ಲೇ ನಿಂತಿದೆಯೇ? ಹಾಗಾದರೆ ಕಂಟ್ರೋಲರ್ ಕೆಳಗಿಡಿ. ಮರಳಿ ಪ್ರಯತ್ನಿಸು ಎಂಬ ಗುಂಡಿಯನ್ನು ಒತ್ತುತ್ತಲೇ ಇರಬೇಡಿ. ಲಕ್ಷಾಂತರ ಜನ ಒಂದೇ ಹೊತ್ತಿಗೆ ಬಾಗಿಲು ಬಡಿದಾಗ ಸರ್ವರ್ ಬೀಳುತ್ತದೆ. ಅದು ಎದ್ದು ನಿಲ್ಲುವಾಗಲೂ ಎಲ್ಲರೂ ಸೆಕೆಂಡಿಗೊಮ್ಮೆ ಬಡಿಯುತ್ತಿದ್ದರೆ ಮತ್ತೆ ಬೀಳುತ್ತದೆ. ಜಾತ್ರೆಯ ತೇರಿನ ಮುಂದೆ ನೂಕಿದಂತೆ, ನೂಕಿದಷ್ಟೂ ಯಾರಿಗೂ ಜಾಗವಿಲ್ಲ. ಅರ್ಧ ಗಂಟೆ ಬಿಟ್ಟು ಬನ್ನಿ.

ಹೊತ್ತಿನ ಲೆಕ್ಕವೂ ಬೇಕು. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದಿದೆ. ಅಲ್ಲಿನವರು ಕೆಲಸ ಮುಗಿಸುವಾಗ ನಮಗಿನ್ನೂ ಮಧ್ಯಾಹ್ನ. ಹಾಗಾಗಿ ನಮ್ಮ ರಾತ್ರಿ ಒಂಬತ್ತಕ್ಕೆ ಕೆಟ್ಟದ್ದು ನಮ್ಮ ರಾತ್ರಿಯೇ ಸರಿಯಾದೀತೆಂದು ಕಾದು ನಿದ್ದೆ ಕೆಡಿಸಿಕೊಳ್ಳಬೇಡಿ. ಅಧಿಕೃತ ದುರಸ್ತಿಯ ಪ್ರಕಟಣೆಯಲ್ಲಿ ಯುಟಿಸಿ ಎಂದಿದ್ದರೆ ಐದೂವರೆ ಗಂಟೆ ಕೂಡಿಸಿಕೊಳ್ಳಿ.

ಒಳಗೆ ಹೋಗಲು ಆಗುತ್ತಿದೆ, ಆಟವೇ ಸರಿಯಿಲ್ಲ ಎನ್ನುವುದು ಬೇರೆಯದು. ಚೆಂಡು ಕಾಲಿನೊಳಗಿಂದ ತೂರಿ ಹೋಗುವುದು, ಪಾಸ್ ಇಬ್ಬನಿಯಲ್ಲಿ ಉರುಳಿದಂತೆ ನಿಧಾನವಾಗುವುದು, ಆಟಗಾರ ಚೆಂಡಿನ ಪಕ್ಕ ನಿಂತು ನೋಡುವುದು, ಇವನ್ನು ನೀವು ಯಾವ ಕೇಬಲ್ ಬದಲಿಸಿಯೂ ಸರಿಮಾಡಲು ಆಗದು. ಮರುಮರು ಸ್ಥಾಪನೆ ಮಾಡಿ ಡೇಟಾ ಸುಡಬೇಡಿ. ಒಮ್ಮೆ ಫೈಲುಗಳನ್ನು ಪರಿಶೀಲಿಸುವ ಸೌಲಭ್ಯವನ್ನು ಓಡಿಸಿ, ಗ್ರಾಫಿಕ್ಸ್ ಡ್ರೈವರ್ ಹೊಸದು ಹಾಕಿ, ಅಷ್ಟರ ಮೇಲೆ ಉಳಿದದ್ದು ಅವರ ಕೆಲಸ.

ದೂರು ಬರೆಯುವುದನ್ನು ಕಲಿಯಿರಿ

ಅಭಿಮಾನಿಯ ಕೈಯಲ್ಲಿರುವ ನಿಜವಾದ ಬಲ ಇದು, ಆದರೆ ಇದನ್ನು ಬಳಸುವವರು ಕಡಿಮೆ. ‘ಆಟ ದರಿದ್ರವಾಗಿದೆ’ ಎಂದು ಬರೆದರೆ ಅದನ್ನು ಓದಿದ ಎಂಜಿನಿಯರ್ ಯಾವ ಕಡತ ತೆರೆಯಬೇಕು?

ನನ್ನ ರೆಕಾರ್ಡ್ ಪುಸ್ತಕದಲ್ಲಿ ಒಂದು ದೂರಿಗೆ ಇಷ್ಟು ಬರೆಯುತ್ತೇನೆ: ದಿನಾಂಕ, ಭಾರತೀಯ ಕಾಲಮಾನದಲ್ಲಿ ಗಂಟೆ, ಆಟದ ಆವೃತ್ತಿ, ಯಂತ್ರ ಯಾವುದು, ತಂತಿಯೋ ವೈಫೈಯೋ, ಪಂದ್ಯ ಆನ್‌ಲೈನೋ ಅಲ್ಲವೋ, ಪಂದ್ಯದ ಎಷ್ಟನೇ ನಿಮಿಷ, ಯಾವ ಗುಂಡಿ ಒತ್ತಿದೆ, ಏನಾಗಬೇಕಿತ್ತು, ಏನಾಯಿತು. ಕೊನೆಯದಾಗಿ, ಮತ್ತೆ ಮಾಡಿ ನೋಡಿದಾಗ ಎಷ್ಟು ಸಲ ಹಾಗೆಯೇ ಆಯಿತು. ಹತ್ತಕ್ಕೆ ಏಳು ಸಲ ಎಂದರೆ ಅದು ದೋಷ, ಹತ್ತಕ್ಕೆ ಒಂದು ಎಂದರೆ ಇನ್ನಷ್ಟು ನೋಡಬೇಕು. ಪ್ರಯೋಗಾಲಯದಲ್ಲಿ ಮಕ್ಕಳಿಗೆ ಲೋಲಕದ ಅವಧಿಯನ್ನು ಇಪ್ಪತ್ತು ಆಂದೋಲನಗಳಿಂದ ಅಳೆಯಿರಿ ಎನ್ನುವುದೂ ಇದಕ್ಕೇ.

ವಿಡಿಯೊ ಇದ್ದರೆ ಇನ್ನೂ ಒಳ್ಳೆಯದು. ಪ್ಲೇಸ್ಟೇಷನ್ 4ರಲ್ಲಿ ಕಳೆದ ಹದಿನೈದು ನಿಮಿಷದ ಆಟ ತಾನಾಗಿ ನೆನಪಿನಲ್ಲಿರುತ್ತದೆ, ಶೇರ್ ಗುಂಡಿ ಒತ್ತಿ ಉಳಿಸಬಹುದು. ಸ್ಟೀಮ್‌ನಲ್ಲಿ ಎಫ್12 ಒತ್ತಿದರೆ ಪರದೆಯ ಚಿತ್ರ. ವಿಡಿಯೊವನ್ನು ಹತ್ತು ಸೆಕೆಂಡಿಗೆ ಕತ್ತರಿಸಿ ಕಳಿಸಿ. ಐದು ನಿಮಿಷದ್ದನ್ನು ಯಾರೂ ಪೂರ್ತಿ ನೋಡುವುದಿಲ್ಲ.

ಅಕ್ಟೋಬರ್ 1ರ ಆ ಕ್ಷಮಾಪಣೆಯಲ್ಲಿ ಕೊನಾಮಿ ಪಾಸ್‌ನ ವೇಗ, ರಕ್ಷಣೆಯ ನಿಯಂತ್ರಣ, ಆಟಗಾರರ ಮುಖಭಾವ ಮತ್ತು ಚಲನೆ, ಚೆಂಡಿನ ವರ್ತನೆ ಎಂದು ಬಿಡಿಸಿ ಹೆಸರಿಸಿತ್ತು. ಆಟಗಾರರು ಬಿಡಿಸಿ ಹೇಳಿದ್ದರಿಂದಲೇ ಅವರಿಗೂ ಬಿಡಿಸಿ ಬರೆಯಲು ಆಯಿತೆಂದು ನಾನು ನಂಬಿದ್ದೇನೆ. ಆ ವಿಕಾರ ಮುಖಗಳ ಚಿತ್ರಗಳನ್ನು ನಾನು ಯಾರಿಗೂ ಕಳಿಸಲಿಲ್ಲ. ಅದನ್ನು ಮಾಡಿದವರೂ ಗಡುವಿಗೆ ಸಿಕ್ಕಿ ರಾತ್ರಿಯೆಲ್ಲ ಕೂತವರೇ ಇರುತ್ತಾರೆ. ದೋಷ ಕಳಿಸಿದೆ, ನಗೆ ಕಳಿಸಲಿಲ್ಲ.

ಸ್ಟೀಮ್‌ನಲ್ಲಿ ಅಭಿಪ್ರಾಯ ಬರೆದಿದ್ದರೆ ಪ್ರತಿ ದೊಡ್ಡ ಪ್ಯಾಚ್ (ಆಟದ ದೋಷ ತಿದ್ದುವ ಹೊಸ ಕಂತು) ಬಂದಾಗ ಆ ಅಭಿಪ್ರಾಯವನ್ನು ತಿದ್ದಿ. ಸರಿಯಾದದ್ದು ಸರಿಯಾಯಿತು ಎಂದು ಹೇಳದಿದ್ದರೆ ಕೆಟ್ಟದ್ದು ಕೆಟ್ಟಿದೆ ಎಂದ ನಮ್ಮ ಮಾತಿಗೆ ಬೆಲೆ ಎಲ್ಲಿಂದ ಬಂದೀತು?

ಕಾಯುವಾಗ

ದಿನಾಂಕಗಳನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳಿ. ಮೊದಲ ಪ್ಯಾಚ್ 0.9.1 ಅಕ್ಟೋಬರ್ 28ಕ್ಕೆ ಎಂದಿದ್ದರು, ಬಂದದ್ದು ನವೆಂಬರ್ 5ಕ್ಕೆ. 1.0 ಆವೃತ್ತಿ ನವೆಂಬರ್ 11ಕ್ಕೆ ಎಂದಿದ್ದರು, ಅದನ್ನು ಮುಂದಿನ ವರ್ಷದ ವಸಂತಕ್ಕೆ ಹಾಕಿದರು. ಮೊದಲ ಮುಂದೂಡಿಕೆ ಕೇಳಿದಾಗ ತಮ್ಮ ಬಹಳ ಬೇಸರಪಟ್ಟ. ಎರಡನೆಯದನ್ನು ಕೇಳಿದಾಗ ನಾನು ಸಮಾಧಾನಪಟ್ಟೆ. ಅರೆಬೆಂದದ್ದನ್ನು ಎರಡನೇ ಸಲ ಬಡಿಸದೆ ಒಲೆಯ ಮೇಲೆಯೇ ಇಟ್ಟರಲ್ಲ ಎನ್ನಿಸಿತು.

ಹಳೆಯ ಆಟವನ್ನು ಅಳಿಸಬೇಡಿ. ಡಿಸ್ಕ್‌ನಲ್ಲಿ ಜಾಗ ಬೇಕೆಂದು ಹೊಸದನ್ನು ಇಳಿಸಿಕೊಳ್ಳುವ ಮುಂಚೆಯೇ ಹಳೆಯದನ್ನು ತೆಗೆದುಹಾಕಿದವರು ನನ್ನ ಪರಿಚಯದಲ್ಲೇ ನಾಲ್ಕು ಜನ. ಹಳೆಯ ಆಟ ಅಂಗಡಿಯಿಂದಲೇ ಮಾಯವಾದರೆ ಮತ್ತೆ ಸಿಗುವುದಿಲ್ಲ. ಹೊರಗಿನ ಹಾರ್ಡ್ ಡಿಸ್ಕ್‌ಗೆ ಸರಿಸಿಡಿ, ನೀವು ಉಳಿಸಿದ ಆಟದ ಕಡತಗಳನ್ನು ಪೆನ್ ಡ್ರೈವ್‌ನಲ್ಲಿ ಇನ್ನೊಂದು ಪ್ರತಿ ಮಾಡಿ. ಆ ಚಳಿಗಾಲವೆಲ್ಲ ನಾವಿಬ್ಬರು 2021ರ ಹಳೆಯ ಆಟದಲ್ಲೇ ಶುಕ್ರವಾರಗಳನ್ನು ಕಳೆದೆವು. ಅವನು ಈಗಲೂ ಇಂಟರ್ ಬಣ್ಣದ ಅಂಗಿಯನ್ನೇ ಹುಡುಕುತ್ತಾನೆ.

ಪ್ಯಾಚ್ ಬಂದ ದಿನ ಅದರ ಟಿಪ್ಪಣಿ ಓದಿ, ನಿಮ್ಮ ಪುಸ್ತಕದ ದೂರುಗಳ ಪಕ್ಕ ಗುರುತು ಹಾಕಿ. ಆಮೇಲೆ ನಿಯಂತ್ರಣದ ಪುಟಕ್ಕೆ ಹೋಗಿ ಗುಂಡಿಗಳನ್ನು ಮತ್ತೆ ನೋಡಿ, ಏಕೆಂದರೆ ಪ್ಯಾಚ್‌ನಲ್ಲಿ ಹೊಸ ಆಜ್ಞೆಗಳು ಬಂದಿರಬಹುದು. 1.0ರಲ್ಲಿ ಜೊತೆಗಾರನನ್ನು ಎದುರಾಳಿಯ ಮೇಲೆ ಒತ್ತಡ ಹಾಕಲು ಕರೆಯುವ ಆಜ್ಞೆ ಸೇರಿತು. ಅದನ್ನು ಗಮನಿಸದೆ ಹಳೆಯಂತೆಯೇ ಆಡಿ ‘ರಕ್ಷಣೆ ಇನ್ನೂ ಸರಿಯಾಗಿಲ್ಲ’ ಎಂದವರೂ ಇದ್ದರು.

1.0 ಬಂದದ್ದು 2022ರ ಏಪ್ರಿಲ್ 14ರಂದು. ಅಂಬೇಡ್ಕರ್ ಜಯಂತಿ, ಕಾಲೇಜಿಗೆ ರಜೆ. ಇಳಿಸಿಕೊಂಡು ಮುಗಿಯುವಷ್ಟರಲ್ಲಿ ಲ್ಯಾನ್ ಕೇಬಲ್ ಬಿಗಿಯಾಗಿದೆಯೇ ನೋಡಿದೆ, ರೌಟರಿಗೆ ಪಿಂಗ್ ಮಾಡಿದೆ, 2 ಬಂತು. ಪುಸ್ತಕದಲ್ಲಿ ಹೊಸ ಹಾಳೆ ತೆಗೆದು ದಿನಾಂಕ, ಆವೃತ್ತಿ ಬರೆದೆ. ಕಂಪ್ಯೂಟರಿನ ಎದುರು ಒಂದು ಪಂದ್ಯ ಆಡಿ, ಮೂರು ಸಾಲು ಬರೆದು ತಮ್ಮನಿಗೆ ಓದಿ ಹೇಳಿದೆ: ಪಾಸ್ ಚುರುಕಾಗಿದೆ, ಚೆಂಡು ಕಾಲಿಗೆ ಹತ್ತುತ್ತಿದೆ, ಗೋಲಿ ಇನ್ನೂ ಮಂದ. ಅವನು ಆಗ ಕೆಲಸದಲ್ಲಿದ್ದ. “ಅಕ್ಕಾ, ನಾಳೆ ಶುಕ್ರವಾರವಲ್ಲವಾ,” ಎಂದ.